ಮಗಳ ಕುದುರೆಗೆ ಎರಡೂವರೆ ಎಕರೆ

ಅಪ್ಪನಿಗೆ ಫೋನ್ ಮಾಡಿ "ಇಲ್ಲೊಂದು ಜಮೀನು ತಗೊಳ್ತಾ ಇದೀನಿ" ಅಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂತ ಎರಡು ಸಲ "ಅಪ್ಪಾ..." ಅಂದೆ. ಆಮೇಲೆ ಬಂತು ಮೊದಲ ಪ್ರಶ್ನೆ.

"ನೀರೈತಾ?"

ಅರಸೀಕೆರೆ ಕಡೆಯ ಒಣ ಭೂಮಿಯಲ್ಲಿ ಎಪ್ಪತ್ತು ವರ್ಷ ಕಳೆದ ಮನುಷ್ಯ ಬೇರೇನು ಕೇಳ್ತಾರೆ ಹೇಳಿ! ನಾನಿರೋದು ಇಂಗ್ಲೆಂಡಿನ ಚೆಶೈರ್‌ನಲ್ಲಿ. ಇಲ್ಲಿ ನೀರಿಲ್ಲದ ದಿನ ಯಾವುದು ಅಂತ ಹುಡುಕಬೇಕು. "ಐತಪ್ಪ, ಬೇಕಾದ್ದಕ್ಕಿಂತ ಜಾಸ್ತಿನೇ ಐತೆ" ಅಂದೆ.

"ದಾರಿ ಐತಾ?" "ಇದೆ." "ಬದು ನೋಡ್ದಾ? ಅಕ್ಕಪಕ್ಕದೋರು ಹೆಂಗೆ?" "ಎಲ್ಲಾ ನೋಡಿದೀನಿ." "ಎಷ್ಟು?" "ಎರಡೂವರೆ ಎಕರೆ."

ಎಕರೆ ಅನ್ನೋ ಪದ ಇಲ್ಲಿಂದಲೇ ನಮ್ಮೂರಿಗೆ ಬಂದದ್ದು ತಾನೇ. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಏನು ಅಂತ ಅಪ್ಪನಿಗೆ ವಿವರಿಸೋಕೆ ಹೋಗಿ ಸೋತಿದ್ದೆ. ಎರಡೂವರೆ ಎಕರೆ ಅಂದ ತಕ್ಷಣ ಅವರ ಕಣ್ಣ ಮುಂದೆ ನೂರು ಗುಂಟೆ ಬಿಚ್ಚಿಕೊಂಡಿತ್ತು. ಧ್ವನಿಯಲ್ಲೇ ಗೊತ್ತಾಗ್ತಿತ್ತು.

"ಏನ್ ಬೆಳೀತೀಯ ಮಗ?"

"ಏನೂ ಬೆಳೆಯಲ್ಲ ಅಪ್ಪ. ಹುಲ್ಲು. ಪುಟ್ಟಿಯ ಕುದುರೆ ಮೇಯೋಕೆ."

ಮತ್ತೆ ಮೌನ. ಆಮೇಲೆ ಫೋನು ಅಮ್ಮನ ಕೈಗೆ ಹೋಯ್ತು. ಅಮ್ಮ ಕೇಳಿದ್ದು ಒಂದೇ ಮಾತು. "ಯಾಕೋ, ಮೈ ಸರಿ ಇದ್ಯಾ?" :-)

ನೀವೂ ಅದನ್ನೇ ಕೇಳ್ತೀರಿ ಅಂತ ಗೊತ್ತು. ಅದಕ್ಕೇ ಮೊದಲಿಂದ ಹೇಳ್ತೀನಿ.

2020ರ ಲಾಕ್‌ಡೌನ್ ಶುರುವಾದಾಗ ಮಗಳಿಗೆ ಆರು ವರ್ಷ. ಮತ್ತೆ ಶಾಲೆ ಶುರುವಾದ ಮೇಲೆ ಅವಳು ಅಲ್ಲಿ ಮಾತಾಡೋದನ್ನೇ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಅಂತ ಮಾತು, ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಟೀಚರ್ ಒಳ್ಳೆಯವರು, ತುಂಬಾ ಪ್ರಯತ್ನಪಟ್ಟರು. ನಾವೂ ಯಾರ್ಯಾರನ್ನೋ ಕಂಡು ಬಂದೆವು. ಕೊನೆಗೆ ಪರಿಚಯದವರೊಬ್ಬರು ಶನಿವಾರ ಒಂದು ಗಂಟೆ ಕುದುರೆ ಸವಾರಿಗೆ ಕಳಿಸಿ ನೋಡಿ ಅಂದರು.

ಮೂರನೇ ಶನಿವಾರ ನಾನು ಬೇಲಿಗೆ ಒರಗಿ ನಿಂತಿದ್ದೆ. ಮಗಳು ಒಂದು ಪುಟ್ಟ ಕುದುರೆಯ ಕುತ್ತಿಗೆಗೆ ಬ್ರಷ್ ಹಾಕ್ತಾ ಏನೋ ಹೇಳ್ತಾ ಇದ್ದಳು. ಹತ್ತಿರ ಹೋಗಿ ಕೇಳಿದರೆ ಅಚ್ಚ ಕನ್ನಡ! "ಹೆದರ್ಕೋಬೇಡ ಕಂದ, ನಾನಿದೀನಲ್ಲ, ಹಲ್ಲು ಬಿಡು ನೋಡೋಣ..." ಅವಳ ಅಜ್ಜಿ ಹಸುವಿನ ಹತ್ತಿರ ಮಾತಾಡೋ ಧಾಟಿ. "ಅದಕ್ಕೆ ಕನ್ನಡ ಬರುತ್ತೇನೇ?" ಅಂದೆ. "ಅವನು ವೇಲ್ಸ್ ಕಡೆಯವನು ಅಪ್ಪ, ಇಂಗ್ಲಿಷ್ ಮಾತ್ರ ಯಾಕೆ ಬರಬೇಕು?" ಅಂದಳು. ನನ್ನ ಬಾಯಿ ಬಂದ್.

ಹಾಗೆ 2022ರ ವಸಂತದಲ್ಲಿ ಟಾಫಿ ನಮ್ಮವನಾದ. ವೆಲ್ಷ್ ಮೌಂಟನ್ ಪೋನಿ, ಬೆಲ್ಲದ ಬಣ್ಣ, ಹದಿನಾಲ್ಕು ವರ್ಷ ವಯಸ್ಸು. ಪೋನಿ ಅಂದರೆ ಮರಿಕುದುರೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ, ಅದೊಂದು ಗಿಡ್ಡ ಜಾತಿ, ಬೆಳೆಯೋದೇ ಅಷ್ಟು. ಎತ್ತರ ಅಳೆಯೋದು ನಮ್ಮ ಗೇಣು, ಮೊಳದ ಥರ 'ಹ್ಯಾಂಡ್' ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. ಟಾಫಿ ಹನ್ನೊಂದು ಹ್ಯಾಂಡ್ ಮೇಲೆ ಎರಡು ಇಂಚು, ನಮ್ಮೂರ ನಾಟಿ ಹಸುವಿನಷ್ಟು. ಮಕ್ಕಳ ಮೊದಲ ಕುದುರೆ ವಯಸ್ಸಾದದ್ದೇ ಆಗಿರಬೇಕಂತೆ. ನಾಲ್ಕಾರು ಮಕ್ಕಳನ್ನ ಬೆನ್ನ ಮೇಲೆ ಹೊತ್ತು ಬುದ್ಧಿ ಬಂದಿರಬೇಕು. ಟಾಫಿಗೆ ಪಾಸ್‌ಪೋರ್ಟ್ ಕೂಡ ಇದೆ, ತಮಾಷೆಯಲ್ಲ. ಇಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್ ಕಡ್ಡಾಯ, 2020ರ ಅಕ್ಟೋಬರಿನಿಂದ ಇಂಗ್ಲೆಂಡಿನಲ್ಲಿ ಮೈಕ್ರೋಚಿಪ್ಪೂ ಕಡ್ಡಾಯ.

ಕುದುರೆ ಕೊಳ್ಳೋದು ಸುಲಭ, ಕಟ್ಟೋದೆಲ್ಲಿ ಅನ್ನೋದೇ ಕಷ್ಟ. ಮನೆಯ ಹತ್ತಿರದ ಒಬ್ಬ ರೈತರ ಹೊಲದಲ್ಲಿ ತಿಂಗಳ ಬಾಡಿಗೆಗೆ ಬಿಟ್ಟಿದ್ದೆವು. ಬೆಳಗ್ಗೆ ಸಂಜೆ ಹೋಗಿ ನೀರು ನೋಡೋದು, ಲದ್ದಿ ಬಾಚೋದು, ಗೊರಸು ಕೆರೆಯೋದು ಎಲ್ಲ ನಾವೇ. ನಾಲ್ಕು ತಿಂಗಳಾಗಿತ್ತು. ಮಗಳು ಅಲ್ಲಿಗೆ ಬರುತ್ತಿದ್ದ ಬೇರೆ ಮಕ್ಕಳ ಜೊತೆ ಒಂದೆರಡು ಮಾತಾಡೋಕೆ ಶುರು ಮಾಡಿದ್ದಳು. ಶಾಲೆಯಲ್ಲಿ "ಯೆಸ್ ಮಿಸ್" ಅಂದಳಂತೆ, ಟೀಚರ್ ಫೋನ್ ಮಾಡಿ ಹೇಳಿದರು. ಅದೇ ಆಗಸ್ಟಿನಲ್ಲಿ ಆ ರೈತರು ಹೊಲ ಮಾರ್ತಾ ಇದೀವಿ, ಮನೆಗಳು ಬರ್ತವೆ, ಎರಡು ತಿಂಗಳಲ್ಲಿ ಖಾಲಿ ಮಾಡಿ ಅಂದರು. ಅವರ ತಪ್ಪೇನಿಲ್ಲ. ಸುತ್ತಮುತ್ತ ಹದಿನಾರು ಕಡೆ ಕೇಳಿದೆವು. ಎಲ್ಲೆಲ್ಲೂ ಕಾಯುವ ಪಟ್ಟಿ.

"ಮಾರಿಬಿಡೋಣ ರೀ" ಅಂದಳು ನನ್ನಾಕೆ, ರಾತ್ರಿ, ಮಗಳು ಮಲಗಿದ ಮೇಲೆ. ಹೇಳಿದವಳೇ ಅಳೋಕೆ ಶುರು ಮಾಡಿದಳು.

ಆವಾಗ ಕಂಡದ್ದು ಆ ಹರಾಜಿನ ಜಾಹೀರಾತು. ಮನೆಯಿಂದ ಎರಡು ಮೈಲಿ ದೂರದಲ್ಲಿ ಎರಡೂವರೆ ಎಕರೆ ಹುಲ್ಲುಗಾವಲು. ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಬೇಕು ಅನ್ನೋದು ಬ್ರಿಟಿಷ್ ಹಾರ್ಸ್ ಸೊಸೈಟಿಯ ಲೆಕ್ಕ. ಕುದುರೆ ಒಂಟಿಯಾಗಿ ಬಾಳೋ ಪ್ರಾಣಿಯಲ್ಲ, ಜೊತೆಗೊಂದು ಬೇಕೇ ಬೇಕು. ಅಲ್ಲಿಗೆ ಸರಿಹೋಯ್ತು. ಅಡುಗೆಮನೆ ದೊಡ್ಡದು ಮಾಡಿಸೋಕೆ ಅಂತ ಹನ್ನೊಂದು ವರ್ಷದಿಂದ ಕೂಡಿಟ್ಟಿದ್ದ ದುಡ್ಡಿತ್ತು. ಮನೆ ಸಾಲ ಕೊಟ್ಟ ಬ್ಯಾಂಕು ಬರೀ ಹುಲ್ಲಿಗೆ ಸಾಲ ಕೊಡಲ್ಲ ಅಂತು. ಇದ್ದದ್ದನ್ನೆಲ್ಲ ಬಳಿದೆವು.

ಇಲ್ಲಿನ ಹರಾಜು ಅಂದರೆ ಸುತ್ತಿಗೆ ಬಿದ್ದರೆ ಮುಗೀತು, ಅಲ್ಲೇ ಒಪ್ಪಂದ. ಹತ್ತು ಪರ್ಸೆಂಟ್ ಅಂದೇ ಕಟ್ಟಬೇಕು, ಉಳಿದದ್ದು 28 ದಿನದೊಳಗೆ. ಆಮೇಲೆ ಮನಸ್ಸು ಬದಲಾದರೆ ಹತ್ತು ಪರ್ಸೆಂಟ್ ಹೋಯ್ತು. ಆದ್ದರಿಂದ ಕಾಗದಪತ್ರ ಎಲ್ಲ ಮೊದಲೇ ವಕೀಲರ ಹತ್ತಿರ ತೋರಿಸಿದ್ದೆ. ಅದರಲ್ಲೊಂದು ಕರಾರಿತ್ತು. ಮುಂದಿನ 25 ವರ್ಷದಲ್ಲಿ ಈ ಜಾಗದಲ್ಲಿ ಮನೆ ಕಟ್ಟೋಕೆ ಅನುಮತಿ ಸಿಕ್ಕಿದರೆ, ಏರಿದ ಬೆಲೆಯಲ್ಲಿ ಒಂದು ಪಾಲು ಹಳೇ ಮಾಲೀಕರಿಗೆ. ನಾನು ಕುದುರೆ ಕಟ್ಟೋಕೆ ಹೊರಟವನು, ಮನೆ ಯಾರು ಕಟ್ತಾರೆ ಅಂತ ಒಪ್ಪಿಕೊಂಡೆ. 42,000 ಪೌಂಡಿಗೆ ಸುತ್ತಿಗೆ ಬಿತ್ತು. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ 40 ಲಕ್ಷ. ನನ್ನ ಕೈ ನಡುಗ್ತಾ ಇತ್ತು.

ಅಪ್ಪ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದರು, "ಕನ್ವರ್ಷನ್ ಆಗೈತಾ?" ಅಂತ. ನಾನು ನಕ್ಕಿದ್ದೆ. ನಗಬಾರದಿತ್ತು. ಇಲ್ಲೂ ಅದೇ ಕಥೆ! ಕುದುರೆ ಬರೀ ಹುಲ್ಲು ಮೇಯ್ತಾ ಇದ್ದರೆ ಅದು ಕೃಷಿ. ಹೊರಗಿನ ಮೇವೇ ಮುಖ್ಯ ಆಹಾರವಾಗಿ, ಜಾಗ ಸವಾರಿಗೆ ಅಂತಾದರೆ ಕೃಷಿಯಲ್ಲ. ಭೂಮಿಯ ಬಳಕೆ ಬದಲಾಯ್ತು ಅಂತ ಕೌನ್ಸಿಲ್ಲಿನ ಅನುಮತಿ ಬೇಕು. ಅರ್ಜಿ, ನಕ್ಷೆ, ಶುಲ್ಕ, ಕಾಯೋದು... ಅಪ್ಪನಿಗೆ ಹೇಳಿದಾಗ ಅವರು ಖುಷಿಯಾಗಿ ನಕ್ಕಿದ್ದು ಅದೇ ಮೊದಲು.

ಆದರೆ ಒಂದು ವ್ಯತ್ಯಾಸ ಇದೆ. ಅದನ್ನ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

1998ರಲ್ಲಿ ನನ್ನ ಇಂಜಿನಿಯರಿಂಗ್ ಸೀಟಿಗೆ ಅಂತ ಅಪ್ಪ ಬಾವಿ ಪಕ್ಕದ ಮೂವತ್ತು ಗುಂಟೆ ತೆಂಗಿನ ತೋಟ ಮಾರಿದರು. ಇದ್ದದ್ದರಲ್ಲಿ ನೀರಿದ್ದ ತುಂಡು ಅದೊಂದೇ. ಆ ವಿಷಯ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಸಂಬಳ ಬಂದ ಮೇಲೆ ಅದನ್ನ ವಾಪಸ್ ಕೊಂಡುಕೊಡಬೇಕು ಅಂತ ನನ್ನ ಮನಸ್ಸಿನಲ್ಲಿ ಯಾವಾಗಲೂ ಇತ್ತು. ವರ್ಷಗಳು ಹೋದವು. 2015ರಲ್ಲಿ ಇಲ್ಲಿನ ಪೌರತ್ವ ತಗೊಂಡೆ, ಓಸಿಐ ಕಾರ್ಡು ಬಂತು. ಓಸಿಐ ಇರೋನು ಭಾರತದಲ್ಲಿ ಫ್ಲ್ಯಾಟು ಕೊಳ್ಳಬಹುದು, ಸೈಟು ಕೊಳ್ಳಬಹುದು, ಕೃಷಿ ಜಮೀನು, ತೋಟ ಕೊಳ್ಳೋ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು ಅಷ್ಟೇ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರಿಗೂ ಬಾಗಿಲು ತೆಗೆದರು. ನನ್ನಂಥವನಿಗೆ ಅದರಿಂದ ಏನೂ ಬದಲಾಗಲಿಲ್ಲ, ನನ್ನನ್ನ ತಡೆಯೋದು ದೆಹಲಿಯ ವಿದೇಶಿ ವಿನಿಮಯದ ನಿಯಮ. ಹುಟ್ಟಿದೂರಲ್ಲಿ ಒಂದು ಗುಂಟೆ ಕೊಳ್ಳಲಾಗದ ನಾನು ಚೆಶೈರ್‌ನಲ್ಲಿ ನೂರು ಗುಂಟೆಗೆ ಸಹಿ ಹಾಕಿದೆ. ಇಲ್ಲಿ ನೀನು ರೈತನಾ, ಯಾವ ದೇಶದವನು ಅಂತ ಕೇಳಿ ತಡೆದವರಿಲ್ಲ. ದುಡ್ಡು ಎಲ್ಲಿಂದ ಬಂತು ಅಂತ ವಕೀಲರು ಕೇಳಿದರು, ಬ್ಯಾಂಕಿನ ಕಾಗದ ಕೊಟ್ಟೆ, ಮುಗೀತು.

ಅಪ್ಪನ ಮೊದಲ ಮೌನದಲ್ಲಿ ಇದೆಲ್ಲ ಇತ್ತಾ? ಗೊತ್ತಿಲ್ಲ. ಕೇಳೋ ಧೈರ್ಯ ಆಗಲಿಲ್ಲ.

ನವೆಂಬರಿನಲ್ಲಿ ಟಾಫಿ ಹೊಸ ಜಾಗಕ್ಕೆ ಬಂದ. ಜೊತೆಗೆ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ತಮ್ಮ ಮುದಿ ಶೆಟ್ಲೆಂಡ್ ಕುದುರೆ ಬಿಟ್ಟರು. ಚಳಿಗಾಲವಿಡೀ ಜೇಡಿಮಣ್ಣಿನ ಕೆಸರಿನಲ್ಲಿ ಬೂಟು ಹೂತುಕೊಂಡು ಒದ್ದಾಡಿದೆವು. ಏಪ್ರಿಲ್ ಬಂತು ನೋಡಿ... ಅಬ್ಬಾ, ಆ ಹಸಿರು! ಹಿಂದೆ ಹೈನಿನ ಹಸುಗಳಿಗೆ ಅಂತ ಬಿತ್ತಿದ್ದ ರೈಗ್ರಾಸ್ ಹುಲ್ಲು, ದಿನಕ್ಕೆ ಒಂದು ಸುತ್ತು ಮೇಲೇಳ್ತಿತ್ತು. ಮಾರ್ಚಿಗೇ ಒಣಗಿ ಬಿರುಕು ಬಿಡೋ ನೆಲ ನೋಡಿ ಬೆಳೆದವನು ನಾನು. ಒಂದು ಹೊರೆ ಹಸಿ ಹುಲ್ಲಿಗೆ ಅಮ್ಮ ಕೆರೆ ಏರಿ ಸುತ್ತಿ ಬರ್ತಿದ್ದದ್ದು ನೆನಪಿದೆ. ಮೊಣಕಾಲೆತ್ತರದ ಹುಲ್ಲಿನಲ್ಲಿ ಟಾಫಿ ತಲೆ ಎತ್ತದೆ ಮೇಯೋದನ್ನ ನೋಡ್ತಾ ನಿಂತರೆ ಹೊಟ್ಟೆ ತುಂಬ್ತಿತ್ತು. ಫೋಟೋ ತೆಗೆದು ಊರಿಗೆ ಕಳಿಸಿದೆ.

ಮೇ ತಿಂಗಳ ಎರಡನೇ ವಾರ, ಬೆಳಗ್ಗೆ ಹೋದಾಗ ಟಾಫಿ ಗೇಟಿನ ಹತ್ತಿರ ಬರಲಿಲ್ಲ. ಮುಂಗಾಲು ಮುಂದೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ, ಕೆಂಡದ ಮೇಲೆ ನಿಂತ ಹಾಗೆ ನಿಂತಿದ್ದ. ಗೊರಸು ಮುಟ್ಟಿದರೆ ಬಿಸಿ. ಡಾಕ್ಟರ್ ಬಂದು ಒಂದು ನಿಮಿಷದಲ್ಲಿ ಹೇಳಿದರು, ಲ್ಯಾಮಿನೈಟಿಸ್.

ಗೊರಸಿನ ಗೋಡೆಯನ್ನ ಒಳಗಿನ ಎಲುಬಿಗೆ ಹಿಡಿದಿಡೋ ಪದರಗಳು ಬಾತುಕೊಳ್ಳೋ ಕಾಯಿಲೆ. ಜೋರಾದರೆ ಎಲುಬೇ ಜಾಗ ಬಿಟ್ಟು ಇಳಿಯುತ್ತೆ, ಆಮೇಲೆ ಕುದುರೆಯನ್ನ ಉಳಿಸಿಕೊಳ್ಳೋದು ಕಷ್ಟ. ಕಾರಣ? ಹುಲ್ಲು. ನಾನು ಹೆಮ್ಮೆಯಿಂದ ಫೋಟೋ ತೆಗೆದ ಅದೇ ಹುಲ್ಲು. ವೇಲ್ಸಿನ ಬೆಟ್ಟಗಳಲ್ಲಿ ಗಾಳಿ ಮಳೆಗೆ ಸಿಕ್ಕಿ, ಒರಟು ಹುಲ್ಲು ತಿಂದು ಬದುಕಿದ ತಳಿ ಇದು. ಇದ್ದದ್ದರಲ್ಲೇ ಮೈ ಉಳಿಸಿಕೊಳ್ಳೋದು ಅದಕ್ಕೆ ಗೊತ್ತು, ಸಮೃದ್ಧಿ ಅರಗಿಸಿಕೊಳ್ಳೋದು ಗೊತ್ತಿಲ್ಲ. ರೈಗ್ರಾಸ್‌ನಲ್ಲಿ ಸಕ್ಕರೆ ಜಾಸ್ತಿ. ದೇಹದ ಇನ್ಸುಲಿನ್ ಏರುಪೇರಾಗಿ ಏಟು ಬೀಳೋದು ಕಾಲಿಗೆ.

ಡಾಕ್ಟರ್ ಬೈಯಲಿಲ್ಲ. "ಒಳ್ಳೆಯ ಹೊಲ ಇದು, ಹಸುಗಳಿಗೆ" ಅಂದರು ಅಷ್ಟೇ.

ಐದು ವಾರ ಟಾಫಿ ಕೊಟ್ಟಿಗೆಯೊಳಗೆ. ಮೆತ್ತಗೆ ಹಾಸು, ನೋವಿಗೆ ಔಷಧಿ, ಸಕ್ಕರೆ ಇಳಿದು ಹೋಗೋ ಹಾಗೆ ನೀರಲ್ಲಿ ನೆನೆಸಿದ ಒಣಹುಲ್ಲು, ಅದೂ ತಕ್ಕಡಿಯಲ್ಲಿ ತೂಗಿ. ಮಗಳು ಶಾಲೆ ಬಿಟ್ಟ ಕೂಡಲೇ ಬಂದು ಅವನ ಮುಂದೆ ಬಕೆಟ್ ಬೋರಲು ಹಾಕಿ ಕೂರ್ತಿದ್ದಳು. ಒಂದು ಸಂಜೆ ಕೇಳಿದಳು, "ಅಪ್ಪ, ನಾವು ಅವನಿಗೆ ಜಾಸ್ತಿ ಕೊಟ್ಟಿದ್ದಕ್ಕೇ ಹೀಗಾಯ್ತಾ?" ಹೌದು ಅಂದೆ. ಸುಳ್ಳು ಹೇಳೋಕಾಗಲಿಲ್ಲ.

ಜುಲೈನಲ್ಲಿ ಅಪ್ಪ ಅಮ್ಮ ಬಂದರು. ಬಂದ ಮರುದಿನವೇ "ಹೊಲ ತೋರ್ಸು" ಅಂದರು. ಗೇಟು ತೆಗೆದು ಒಳಗೆ ಕಾಲಿಟ್ಟವರೇ ಚಪ್ಪಲಿ ಬಿಟ್ಟರು. ದೂರದ ಅಂಚಿನಲ್ಲಿ ಹಳದಿ ಹೂವು ಕಂಡು ಅವರ ಮುಖ ಅರಳಿತು. "ಹುಚ್ಚೆಳ್ಳು ಹಾಕಿದೀಯ!" ನಮ್ಮ ರಾಗಿ ಹೊಲದ ಅಂಚಿಗೆ ಹಾಕ್ತಿದ್ದ ಹುಚ್ಚೆಳ್ಳಿನ ಥರವೇ ದೂರಕ್ಕೆ ಕಾಣುತ್ತೆ ನಿಜ. ಅದು ಹುಚ್ಚೆಳ್ಳಲ್ಲ, ರ‍್ಯಾಗ್‌ವರ್ಟ್ ಅನ್ನೋ ಕಳೆ. ಹಸಿಯಾಗಿದ್ದಾಗ ಕಹಿ ಇರೋದರಿಂದ ಕುದುರೆಗಳು ಸಾಮಾನ್ಯವಾಗಿ ಮುಟ್ಟಲ್ಲ. ಒಣಗಿದರೆ ಕಹಿ ಹೋಗುತ್ತೆ, ವಿಷ ಉಳಿಯುತ್ತೆ, ಲಿವರ್ ತಿಂದುಹಾಕುತ್ತೆ. ಇಷ್ಟು ಹೇಳಿದ್ದೇ ತಡ, ಅಪ್ಪ ನನ್ನ ಕೈಗವಸು ಇಸಕೊಂಡು, ಚಪ್ಪಲಿ ಬದಲು ನನ್ನ ಬೂಟು ಹಾಕಿಕೊಂಡು, ಮೂರು ದಿನದಲ್ಲಿ ಅಷ್ಟೂ ಕಳೆ ಬೇರುಸಮೇತ ಕಿತ್ತರು.

ಟಾಫಿಯನ್ನ ಆಗಷ್ಟೇ ಹೊರಗೆ ಬಿಡೋಕೆ ಶುರು ಮಾಡಿದ್ದೆವು. ಕರೆಂಟಿನ ಪಟ್ಟಿಬೇಲಿ ಹಾಕಿ, ಒಂದು ಕಿರಿದಾದ ಓಣಿಯಷ್ಟು ಹುಲ್ಲು ಮಾತ್ರ. ದಿನಾ ಒಂದಡಿ ಮುಂದೆ ಸರಿಸೋದು. ಆ ಕಡೆ ಎರಡು ಎಕರೆ ಹಸಿರು, ಈ ಕಡೆ ಬೋಳು ನೆಲದಲ್ಲಿ ಕುದುರೆ. ಅಮ್ಮನಿಗೆ ಸಹಿಸೋಕಾಗಲಿಲ್ಲ. "ಮುಂದೆ ಬಡಿಸಿಟ್ಟು ಕೈ ಕಟ್ಟಿದ ಹಂಗೆ ಆಯ್ತಲ್ಲೋ, ಪಾಪ ಹತ್ತಲ್ವಾ?" ಅಪ್ಪ ಮಾತ್ರ ಸ್ವಲ್ಪ ಹೊತ್ತು ನೋಡಿ, "ಸರಿಯಾಗೈತೆ ಬಿಡು. ನಂಗೆ ಡಾಕ್ಟ್ರು ಅನ್ನ ಬಿಡಿಸ್ಲಿಲ್ವಾ? ಇದಕ್ಕೂ ಶುಗರ್ರು. ಹೆಸ್ರೇ ಬೆಲ್ಲ!" ಅಂದರು. ಟಾಫಿಗೆ ಅವರು ಬೆಲ್ಲ ಅಂತ ಹೆಸರಿಟ್ಟಾಗಿತ್ತು. "ಆದ್ರೆ ಇಷ್ಟಕ್ಕೆ ಕರೆಂಟ್ ಬೇಲಿ ಯಾಕೆ? ಹಗ್ಗ, ಗೂಟ ಸಾಕಲ್ಲ?" ಕುದುರೆ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಳ್ಳುತ್ತೆ ತಾತ ಅಂತ ಮೊಮ್ಮಗಳು ಪಾಠ ಮಾಡಿದಳು. ಅವತ್ತಿಂದ ಬೇಲಿ ಸರಿಸೋ ಕೆಲಸ ಅವರಿಬ್ಬರದು. ಅಪ್ಪ ಹೆಜ್ಜೆ ಅಳೆದು ಕೊಡೋರು, ಅವಳು ಕಂಬ ನೆಡೋಳು.

ವಾಪಸ್ ಹೋಗೋ ಹಿಂದಿನ ಸಂಜೆ ನಾವಿಬ್ಬರೇ ಗೇಟಿನ ಹತ್ತಿರ ನಿಂತಿದ್ದಾಗ ಕೊನೆಗೂ ಕೇಳಿದೆ. "ಅಪ್ಪ, ಆ ಬಾವಿ ತೋಟ ಮಾರಿದಾಗ..."

ಅವರು ನನ್ನ ಕಡೆ ನೋಡಲಿಲ್ಲ. "ನೋವಾಗ್ದೆ ಇರ್ತದಾ? ಆರು ತಿಂಗ್ಳು ಆ ಕಡೀಕೆ ಹೋಗ್ಲಿಲ್ಲ. ಸುತ್ತು ಹಾಕಿ ಬೇರೆ ದಾರೀಲಿ ಹೋಗ್ತಿದ್ದೆ. ಆಮ್ಯಾಕೆ ಒಂದಿನ ಹೋದೆ. ತಗೊಂಡೋನು ಮರಕ್ಕೆಲ್ಲಾ ಪಾತಿ ಮಾಡಿ ಗೊಬ್ರ ಕೊಟ್ಟಿದ್ದ. ನನಗಿಂತ ಚೆಂದಾಗಿ ಇಟ್ಕೊಂಡಿದ್ದ. ಆವತ್ತಿಂದ ಹೋಗ್ತೀನಿ, ಬರ್ತೀನಿ, ಎಳನೀರು ಕೊಡ್ತಾನೆ ಕುಡೀತೀನಿ."

ನಾನು ಏನೋ ಹೇಳೋಕೆ ಹೋದೆ. "ವಾಪಸ್ ಕೊಡಿಸ್ಬೇಕು ಅಂತ ನಿನ್ ತಲೇಲಿತ್ತಾ? ಬ್ಯಾಡ. ಅದು ಈಗ ಅವನ್ದು ಕಣಪ್ಪ" ಅಂದು ಗೇಟಿನ ಚಿಲಕ ಹಾಕಿದರು.

ಇದಾಗಿ ಎರಡು ವರ್ಷದ ಮೇಲಾಯ್ತು. ಮಗಳಿಗೆ ಹನ್ನೊಂದು ದಾಟಿದೆ, ಸರಸರ ಅಂತ ಬೆಳೆದಿದ್ದಾಳೆ. ಟಾಫಿ ಮೇಲೆ ಕೂತರೆ ಕಾಲು ನೆಲ ಮುಟ್ಟೋ ಹಾಗಿದೆ. ಶಾಲೆಯಲ್ಲಿ ಈಗ ಮಾತು ಜಾಸ್ತಿ ಅಂತ ಟೀಚರ್ ದೂರು :-) ಇಲ್ಲಿನ ವಾಡಿಕೆ ಏನಂದರೆ, ಮಗು ಬೆಳೆದ ಮೇಲೆ ಪುಟ್ಟ ಕುದುರೆ ಇನ್ನೊಂದು ಮನೆಯ ಪುಟ್ಟ ಮಗುವಿಗೆ ಹೋಗುತ್ತೆ. ನಮ್ಮ ಬೀದಿಯ ಆರು ವರ್ಷದ ಹುಡುಗಿಯೊಬ್ಬಳು ಈಗ ವಾರಕ್ಕೆ ಮೂರು ದಿನ ಟಾಫಿಯನ್ನ ಏರ್ತಾಳೆ. ಹಗ್ಗ ಹಿಡಿದು ಪಕ್ಕದಲ್ಲಿ ನಡೆಯೋಳು ನನ್ನ ಮಗಳು. ಮೊದಲ ದಿನ ಅವಳ ಕಣ್ಣು ತುಂಬಿತ್ತು. ಆಮೇಲೆ ನೋಡ್ತೀನಿ, ಆ ಇಂಗ್ಲಿಷ್ ಮಗುವಿಗೆ "ಬಾ ಕಂದ" ಅಂತ ಕರೆಯೋದು ಹೇಳಿಕೊಡ್ತಾ ಇದ್ದಾಳೆ. ಟಾಫಿ ಅದಕ್ಕೇ ಬರೋದಂತೆ.

ಹೊಲ ಏನು ಮಾಡ್ತೀರಿ ಅಂತ ಎಲ್ಲರೂ ಕೇಳ್ತಾರೆ. ಕೊಂಡ ಬೆಲೆಗಿಂತ ಜಾಸ್ತಿಗೆ ಕೇಳಿದವರೂ ಇದ್ದಾರೆ. ಅಡುಗೆಮನೆ ಇನ್ನೂ ಚಿಕ್ಕದಾಗೇ ಇದೆ, ಅದನ್ನ ನನಗೆ ವಾರಕ್ಕೊಮ್ಮೆ ನೆನಪಿಸಲಾಗುತ್ತೆ. ಒಂದು ದಿನ ಮಾರಬೇಕಾಗಬಹುದು. ಮಾರಿದರೆ, ಮರಕ್ಕೆ ಪಾತಿ ಮಾಡೋ ಅಂಥವನಿಗೆ ಮಾರಬೇಕು ಅನ್ನೋದಷ್ಟೇ ಈಗ ತಲೆಯಲ್ಲಿರೋದು.

ನಿಮ್ಮ ಮನೆಯಲ್ಲೂ ಯಾರದೋ ಓದಿಗೆ, ಮದುವೆಗೆ ಹೋದ ಒಂದು ತುಂಡು ಜಮೀನು ಇರುತ್ತೆ. ಮಾರಿದವರನ್ನ ಒಂದು ಸಲ ಕೇಳಿ ನೋಡಿ. ನಾನು ಇಪ್ಪತ್ತೈದು ವರ್ಷ ತಡ ಮಾಡಿದೆ.

ಬರ್ತೀನಿ. ಬೆಳಗ್ಗೆ ಬೇಗ ಏಳಬೇಕು, ಬೇಲಿ ಒಂದಡಿ ಸರಿಸೋದಿದೆ.